ಅರಳು ಹಾಕುವ ಅಣ್ಣನೇ ಫೋಟೊ ತೆಗೆಯಬಹುದಾ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಫೋಟೊಗ್ರಫಿ ನನ್ನ ಹವ್ಯಾಸ. ನಿಕಾನ್ ಡಿ5600 ಕ್ಯಾಮೆರಾ, ಅದರ ಜೊತೆಗೇ ಬಂದ 18-55 ಲೆನ್ಸ್, ಆಮೇಲೆ ಕೊಂಡ 50 ಎಂಎಂ ಎಫ್ 1.8 ಲೆನ್ಸ್ ಇವೆ. ಬೇರೆ ಫ್ಲ್ಯಾಶ್ ಇಲ್ಲ. ಇಲ್ಲಿಯವರೆಗೆ ತೆಗೆದದ್ದು ಹಕ್ಕಿ, ಕೆರೆ, ಮಕ್ಕಳ ಹುಟ್ಟುಹಬ್ಬ, ಅಷ್ಟೇ. ಇನ್ನು ಎರಡು ತಿಂಗಳಿಗೆ ಅರಸೀಕೆರೆಯ ಒಂದು ಛತ್ರದಲ್ಲಿ ನಮ್ಮ ಚಿಕ್ಕಮ್ಮನ ಮಗಳ ಮದುವೆ. ಹಿಂದಿನ ಸಂಜೆ ಆರತಕ್ಷತೆ, ಮಾರನೇ ದಿನ ಬೆಳಿಗ್ಗೆ ಮುಹೂರ್ತ. "ಮನೆಯಲ್ಲೇ ನೀನಿರುವಾಗ ಹೊರಗಿನವರು ಯಾಕಪ್ಪಾ" ಎಂದರು ಚಿಕ್ಕಮ್ಮ. ಆಯ್ತು ಅಂದುಬಿಟ್ಟೆ. ಈಗ ಭಯವಾಗುತ್ತಿದೆ. ದೊಡ್ಡ ಕ್ಯಾಮೆರಾ ಬಾಡಿಗೆಗೆ ತರಲಾ? ಯಾವ ಸೆಟ್ಟಿಂಗ್ ಇಡಲಿ? ತಂಗಿಗೆ ಒಡಹುಟ್ಟಿದ ಅಣ್ಣ-ತಮ್ಮ ಇಲ್ಲ, ಅರಳು ಹಾಕುವವನೂ ನಾನೇ, ಓಡಾಟವೂ ನನ್ನದೇ. ಚಿಕ್ಕಮ್ಮ ದುಡ್ಡು ಕೊಡುತ್ತೇನೆ ಅಂತಿದ್ದಾರೆ, ತಗೊಳ್ಳುವುದು ಸರಿಯಾ?

ಉತ್ತರ: ಕ್ಯಾಮೆರಾ ಸಾಕಾಗುತ್ತಾ, ಸೆಟ್ಟಿಂಗ್ ತಪ್ಪಿದರೆ ಏನು ಗತಿ ಎಂಬುದು ನಿಮ್ಮ ಚಿಂತೆ. ಅದಕ್ಕೆ ಬರುತ್ತೇನೆ. ಆದರೆ ವರ್ಷಗಳಿಂದ ಮದುವೆ ಫೋಟೊ ತೆಗೆದೇ ಹೊಟ್ಟೆ ಹೊರೆಯುತ್ತಿರುವ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ನೀವು ಸುಮ್ನೆ ಹೇಳಿ ಮುಂದೆ ಹೋದ ಅರಳಿನ ಮಾತು.

ಲಾಜಹೋಮದ ಚಿತ್ರವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಹುಡುಗಿ ಬೊಗಸೆ ಒಡ್ಡಿರುತ್ತಾಳೆ. ಹುಡುಗ ಹಿಂದಿನಿಂದ ಅವಳ ಕೈ ಹಿಡಿದಿರುತ್ತಾನೆ. ಪಕ್ಕದಲ್ಲಿ ಅಣ್ಣ ನಿಂತು ಆ ಬೊಗಸೆಗೆ ಅರಳು ಹಾಕುತ್ತಾನೆ. ಅರಳು ಬೆಂಕಿಗೆ ಬೀಳುತ್ತದೆ, ಇಬ್ಬರೂ ಅಗ್ನಿಗೆ ಸುತ್ತು ಬರುತ್ತಾರೆ, ಮತ್ತೆ ಅದೇ. ಸಾಮಾನ್ಯವಾಗಿ ಮೂರು ಸಲ. ಇಡೀ ಮದುವೆಯಲ್ಲಿ ಹುಡುಗಿ, ಅವಳ ಅಣ್ಣ ಮತ್ತು ಹೊಸ ಭಾವ ಒಂದೇ ಫ್ರೇಮಿನಲ್ಲಿ ತಾವಾಗಿಯೇ ಸಿಗುವ ಹೊತ್ತು ಇದೊಂದೇ. ಆಗ ನಿಮ್ಮ ಕೈಯಲ್ಲಿ ಅರಳಿನ ಮೊರ ಇರುತ್ತದೆ. ಹಾಗಾದರೆ ಕ್ಯಾಮೆರಾ ಯಾರ ಕೈಯಲ್ಲಿ?

ಇದೊಂದೇ ಹೊತ್ತಾಗಿದ್ದರೆ ಯಾರಾದರೂ ಗೆಳೆಯನಿಗೆ ಕೊಟ್ಟು ಸುಧಾರಿಸಬಹುದಿತ್ತು. ಆದರೆ ಹೆಣ್ಣಿನ ಕಡೆಯ ಅಣ್ಣ ಎಂದರೆ ಛತ್ರದಲ್ಲಿ ಎಲ್ಲರೂ ಕೂಗುವ ಹೆಸರು. ಗಂಡಿನ ಕಡೆಯ ಬಸ್ಸು ಬಂತು, ಎದುರುಗೊಳ್ಳಲು ಬಾ. ಅಡಿಗೆ ಭಟ್ಟರು ಎಲೆ ಸಾಲದು ಅಂತಿದ್ದಾರೆ, ನೋಡು. ಓಲಗದವರಿಗೆ ಕಾಫಿ ಹೋಗಿಲ್ಲ. ಅತ್ತ ಪುರೋಹಿತರು ಅಂತರಪಟ ಹಿಡಿಯಿರಿ ಎನ್ನುವಾಗ ಇತ್ತ ನೀವು ಉಗ್ರಾಣದ ಬೀಗದ ಕೈ ಹುಡುಕುತ್ತಿರುತ್ತೀರಿ. ಹವ್ಯಾಸಿಗಳು ತೆಗೆದ ಮದುವೆ ಫೋಟೊ ಹಾಳಾಗಲು ನಾನು ಕಂಡಂತೆ ಕ್ಯಾಮೆರಾಕ್ಕಿಂತ ದೊಡ್ಡ ಕಾರಣ ಇದೇ. ಬೇಕಾದ ಹೊತ್ತಿಗೆ ಬೇಕಾದ ಜಾಗದಲ್ಲಿ ಅವರು ಇರುವುದಿಲ್ಲ.

ಈಗ ನೀವು ಕೇಳಿದ್ದಕ್ಕೆ ಬರೋಣ. ದೊಡ್ಡ ಕ್ಯಾಮೆರಾ ತಂದರೆ ಗೆದ್ದಂತೆ ಎಂಬ ನಂಬಿಕೆ ಬಹಳ ಜನರಿಗಿದೆ. ಕೈ ಪಳಗದ ಕ್ಯಾಮೆರಾವನ್ನು ಮುಹೂರ್ತದ ಹಿಂದಿನ ದಿನ ಬಾಡಿಗೆಗೆ ತರುವುದು ನನ್ನ ಲೆಕ್ಕದಲ್ಲಿ ಅಪಾಯವೇ. ಫೋಕಸ್ ಬಿಂದು ಬದಲಿಸುವ ಬಟನ್ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ತಾಳಿ ಕಟ್ಟಿ ಆಗಿರುತ್ತದೆ. ಡಿ5600ನ 24 ಮೆಗಾಪಿಕ್ಸೆಲ್ ಯಾವ ಆಲ್ಬಂಗೂ ಧಾರಾಳ ಸಾಕು. ಬಾಡಿಗೆಗೆ ತರುವುದೇ ಆದರೆ ನಿಮ್ಮದೇ ಮಾಡೆಲ್‌ನ ಇನ್ನೊಂದು ಬಾಡಿ (ಲೆನ್ಸ್ ಇಲ್ಲದ ಕ್ಯಾಮೆರಾ) ತನ್ನಿ. ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ. ಒಂದಕ್ಕೆ ಕ್ಯಾಮೆರಾ ಜೊತೆಗೇ ಬಂದ 18-55 ಕಿಟ್ ಲೆನ್ಸ್, ಇನ್ನೊಂದಕ್ಕೆ 50 ಹಾಕಿಟ್ಟುಕೊಂಡರೆ ಅಕ್ಷತೆ, ಹೊಗೆ, ಬೂದಿಯ ನಡುವೆ ಲೆನ್ಸ್ ಬಿಚ್ಚುವ ಪ್ರಮೇಯವೂ ಬರುವುದಿಲ್ಲ.

50 ಎಂಎಂ ಲೆನ್ಸನ್ನು ಎಫ್ 1.8ಕ್ಕೆ ಇಟ್ಟು ಎಲ್ಲವನ್ನೂ ತೆಗೆದರೆ ಸಿನಿಮಾ ತರಹ ಬರುತ್ತದೆ ಎಂಬುದು ಇನ್ನೊಂದು ನಂಬಿಕೆ. ಅರ್ಧ ನಿಜ. ಕಿಟ್ ಲೆನ್ಸನ್ನು 55ಕ್ಕೆ ಜೂಮ್ ಮಾಡಿದಾಗ ಅದರ ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎಫ್ 1.8ರಲ್ಲಿ ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಕಿಟ್ ಲೆನ್ಸಿಗೆ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ; ಏರಿಸಿದಷ್ಟೂ ಚಿತ್ರ ಕಾಳುಕಾಳಾಗುತ್ತದೆ) 3200 ಬೇಕಾದ ಕಡೆ ಇದಕ್ಕೆ 320 ಸಾಕು. ಕತ್ತಲ ಛತ್ರದಲ್ಲಿ ಇದು ದೊಡ್ಡ ವರವೇ. ಆದರೆ ಎರಡು ಮೀಟರ್ ದೂರದಿಂದ ತೆಗೆದಾಗ ಎಫ್ 1.8ರಲ್ಲಿ ಸ್ಪಷ್ಟವಾಗಿ ಕಾಣುವ ಆಳ ಸುಮಾರು 11 ಸೆಂಟಿಮೀಟರ್ ಮಾತ್ರ. ತಾಳಿ ಕಟ್ಟುವಾಗ ಹುಡುಗಿಯ ಮುಖ ಮುಂದೆ, ಹುಡುಗನ ಮುಖ ಒಂದು ಗೇಣು ಹಿಂದೆ. ಒಬ್ಬರು ಸ್ಪಷ್ಟ, ಒಬ್ಬರು ಮಸುಕು. ಒಬ್ಬರೇ ಇದ್ದಾಗ ಎಫ್ 2, ಇಬ್ಬರಿದ್ದರೆ ಎಫ್ 4, ಸ್ಟೇಜ್ ಮೇಲೆ ಎರಡು ಸಾಲು ನಿಂತರೆ ಎಫ್ 5.6 ಇಡಿ. ಇನ್ನೊಂದು ಮಾತು. ನಿಮ್ಮ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸಿನ ನೋಟ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದ 75 ಎಂಎಂನಷ್ಟು ಇಕ್ಕಟ್ಟು. ಮಂಟಪದ ಪಕ್ಕದಲ್ಲಿ ಹಿಂದೆ ಸರಿಯಲು ಜಾಗವಿಲ್ಲದಿದ್ದರೆ ಅದು ಪ್ರಯೋಜನಕ್ಕೆ ಬರುವುದಿಲ್ಲ. ಆಗ ಆ ಬಡಪಾಯಿ ಕಿಟ್ ಲೆನ್ಸೇ ಗತಿ, ಅಗಲವಾಗಿ ಕಾಣುವ ಅದರ 18ರ ತುದಿ.

'ರಾ'ದಲ್ಲಿ, ಅಂದರೆ ಕ್ಯಾಮೆರಾ ಏನೂ ತಿದ್ದದೆ ಉಳಿಸುವ ಕಚ್ಚಾ ಫೈಲಿನಲ್ಲಿ, ತೆಗೆದರೆ ಆಮೇಲೆ ಎಲ್ಲ ಸರಿಮಾಡಬಹುದು ಎಂದೂ ಹೇಳುತ್ತಾರೆ. ಬಣ್ಣ, ಒಂದಿಷ್ಟು ಕತ್ತಲು ಸರಿಹೋಗುತ್ತವೆ. ಅಲುಗಿದ ಚಿತ್ರ, ತಪ್ಪಿದ ಫೋಕಸ್, ಬೆಳಕು ಮಿತಿಮೀರಿ ಸುಟ್ಟುಹೋದ ಬಿಳುಪು ಸರಿಹೋಗುವುದಿಲ್ಲ. ಆದರೂ 'ರಾ'ದಲ್ಲೇ ತೆಗೆಯಿರಿ. ನಮ್ಮ ಛತ್ರಗಳ ಬೆಳಕಿಗೆ ಅದು ಬೇಕೇ ಬೇಕು.

ಬೆಳಕಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಏಕೆಂದರೆ ಹಕ್ಕಿ-ಕೆರೆ ತೆಗೆದವರು ಎಡವುವುದು ಇಲ್ಲೇ. ಛತ್ರದೊಳಗೆ ಒಂದೇ ಬಣ್ಣದ ಬೆಳಕು ಇರುವುದಿಲ್ಲ. ಮೇಲೆ ಟ್ಯೂಬ್‌ಲೈಟ್, ಮಂಟಪಕ್ಕೆ ಹಳದಿ ಫೋಕಸ್, ಪಕ್ಕದ ಕಿಟಕಿಯಿಂದ ಬಿಸಿಲು, ವೀಡಿಯೊದವರು ಇದ್ದರೆ ಅವರ ಎಲ್‌ಇಡಿ. ಆರತಕ್ಷತೆಯಲ್ಲಂತೂ ನೇರಳೆ, ಗುಲಾಬಿ ಲೈಟು ನೇರ ಮುಖಕ್ಕೇ ಬಿಟ್ಟಿರುತ್ತಾರೆ. ಮುಖದ ಮೇಲೆ ಬರೀ ನೇರಳೆ ಬಿದ್ದರೆ ಯಾವ ಸಾಫ್ಟ್‌ವೇರೂ ಅದನ್ನು ಮೈಬಣ್ಣಕ್ಕೆ ತರಲಾರದು. ಇದಕ್ಕೆ ಮದ್ದು ಕ್ಯಾಮೆರಾದಲ್ಲಿಲ್ಲ, ಡೆಕೊರೇಶನ್‌ನವರ ಹತ್ತಿರ ಇದೆ. ಸಂಜೆ ಐದಕ್ಕೇ ಹೋಗಿ, "ಬಣ್ಣದ ಲೈಟು ಹಿಂದಿನ ಪರದೆಗೆ ಬಿಡಿ, ಮುಖಕ್ಕೆ ಬಿಳಿ ಮಾತ್ರ ಇರಲಿ" ಅಂತ ನಯವಾಗಿ ಕೇಳಿ. ಬಹುತೇಕ ಒಪ್ಪುತ್ತಾರೆ. ಜನ ತುಂಬಿದ ಮೇಲೆ ಕೇಳಿದರೆ ಯಾರೂ ಏಣಿ ಹತ್ತುವುದಿಲ್ಲ.

ಇನ್ನು ಮಿಣುಕು. ನಮ್ಮ ಕರೆಂಟು 50 ಹರ್ಟ್ಸ್. ಅದರ ಮೇಲೆ ಉರಿಯುವ ಬಹಳಷ್ಟು ಲೈಟುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಗೊತ್ತಾಗದು, ಶಟರ್‌ಗೆ ಗೊತ್ತಾಗುತ್ತದೆ. ಶಟರನ್ನು 1/500ಕ್ಕೆ (ಸೆಕೆಂಡಿನ ಐನೂರನೇ ಒಂದು ಭಾಗ) ಇಟ್ಟರೆ ಒಂದು ಚಿತ್ರ ಬೆಳ್ಳಗೆ, ಮುಂದಿನದು ಕಪ್ಪಗೆ, ಕೆಲವಕ್ಕೆ ಅಡ್ಡಪಟ್ಟಿ. ಕೂತು ಮಾಡುವ ಶಾಸ್ತ್ರಗಳಿಗೆ 1/100 ಇಡಿ. ಅಕ್ಷತೆ ಹಾರುವಾಗ, ಹಾರ ಬದಲಾಯಿಸುವಾಗ 1/200.

ಫ್ಲ್ಯಾಶ್ ಬೇಕಾ? ಬೇಕು. ಕ್ಯಾಮೆರಾ ತಲೆಯ ಮೇಲೆ ಎದ್ದು ಕೂರುವ ಪುಟ್ಟ ಫ್ಲ್ಯಾಶ್ ಸಾಲದು. ಅದು ಹಣೆಗೆ ಹೊಳಪು ಕೊಟ್ಟು ಜರಿಯನ್ನು ಸುಟ್ಟುಹಾಕುತ್ತದೆ. ತಲೆ ತಿರುಗಿಸಲು ಬರುವ ಒಂದು ಫ್ಲ್ಯಾಶ್ ಬಾಡಿಗೆಗೆ ತನ್ನಿ. ಜೊತೆಗೆ ರೀಚಾರ್ಜ್ ಮಾಡುವ ಡಬಲ್-ಎ ಸೆಲ್ ಎರಡು ಸೆಟ್. ಸೂರಿಗೆ ಹೊಡೆದು ಬೆಳಕು ಮೆತ್ತಗೆ ಮಾಡಿ ಎಂದು ಎಲ್ಲ ವೀಡಿಯೊಗಳಲ್ಲೂ ಹೇಳಿಕೊಡುತ್ತಾರೆ. ತಗ್ಗಿನ ಬಿಳಿ ಸೂರಿದ್ದರೆ ಅದು ಸರಿ. ನಮ್ಮ ಛತ್ರಗಳ ಸೂರು ಎಷ್ಟೋ ಸಲ ಎರಡಾಳೆತ್ತರ, ಅದಕ್ಕೆ ಕೆಂಪು-ಹಳದಿ ಬಟ್ಟೆ ಬೇರೆ ಕಟ್ಟಿರುತ್ತಾರೆ. ಬೆಳಕು ವಾಪಸು ಬರುವುದೇ ಇಲ್ಲ. ಬಂದರೂ ಬಟ್ಟೆಯ ಬಣ್ಣ ಹೊತ್ತು ಬರುತ್ತದೆ. ಆಗ ಪಕ್ಕದ ಗೋಡೆಗೆ ತಿರುಗಿಸಿ. ಅದೂ ಇಲ್ಲದಿದ್ದರೆ ಶಕ್ತಿ ತಗ್ಗಿಸಿ ನೇರ ಹೊಡೆಯಿರಿ, ಐಎಸ್‌ಒ ಏರಿಸಿ ಸುತ್ತಲಿನ ಬೆಳಕನ್ನೂ ಸೇರಿಸಿಕೊಳ್ಳಿ. ನಿಮ್ಮ ಕ್ಯಾಮೆರಾದಲ್ಲಿ ಫ್ಲ್ಯಾಶ್ ಹಾಕಿದಾಗ ಶಟರ್ 1/200 ದಾಟುವುದಿಲ್ಲ, ನೆನಪಿರಲಿ. ಹೋಮದ ಹೊಗೆ ಎದ್ದಾಗ ಮಾತ್ರ ಫ್ಲ್ಯಾಶ್ ಆಫ್ ಮಾಡಿ. ಮುಂದಿನ ಹೊಗೆಯೇ ಬೆಳ್ಳಗೆ ಬೆಳಗಿ ಹಿಂದಿನ ಮುಖ ಮರೆಯಾಗುತ್ತದೆ. ಕಿಟಕಿ ಬೆಳಕು ಹೊಗೆಯ ಹಿಂದಿನಿಂದ ಬರುವ ಕಡೆ ಹೋಗಿ ನಿಲ್ಲಿ, ಆ ಚಿತ್ರ ತಾನೇ ಚೆನ್ನಾಗಿ ಬರುತ್ತದೆ.

ಬಟ್ಟೆಯೂ ಕ್ಯಾಮೆರಾದ ಬೆಳಕು ಅಳೆಯುವ ಮೀಟರಿಗೆ ಮೋಸ ಮಾಡುತ್ತದೆ. ಬಿಳಿ ಪಂಚೆ, ಬಿಳಿ ಶಲ್ಯ, ಬಿಳಿ ಶರ್ಟಿನ ನೆಂಟರು ಫ್ರೇಮ್ ತುಂಬಿದರೆ ಕ್ಯಾಮೆರಾ 'ಬೆಳಕು ಜಾಸ್ತಿ' ಎಂದುಕೊಂಡು ಎಲ್ಲವನ್ನೂ ಕಪ್ಪಾಗಿಸುತ್ತದೆ. ಆಗ ಎಕ್ಸ್‌ಪೋಶರ್ ಅರ್ಧದಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಏರಿಸಬೇಕು. ಕೆಂಪು ರೇಷ್ಮೆ ಸೀರೆ ಇದಕ್ಕೆ ಉಲ್ಟಾ. ಮುಖ ಸರಿ ಕಂಡರೂ ಕೆಂಪು ಬಣ್ಣ ಮಾತ್ರ ಮಿತಿ ಮೀರಿ, ನೆರಿಗೆಗಳೆಲ್ಲ ಮಾಯವಾಗಿ ಸೀರೆ ಬಳಿದ ಬಣ್ಣದಂತೆ ಚಪ್ಪಟೆಯಾಗುತ್ತದೆ. ಹಿಸ್ಟೋಗ್ರಾಂನಲ್ಲಿ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಕೆಂಪಿನ ಗೆರೆ ಬಲತುದಿಗೆ ಒತ್ತಿಕೊಂಡಿದ್ದರೆ ಸ್ವಲ್ಪ ಇಳಿಸಿ. ಮನೆಯಲ್ಲೇ ಅಮ್ಮನ ರೇಷ್ಮೆ ಸೀರೆಯನ್ನು ಟ್ಯೂಬ್‌ಲೈಟ್ ಕೆಳಗೆ ಇಟ್ಟು ತೆಗೆದು ನೋಡಿ, ಗೊತ್ತಾಗುತ್ತದೆ.

ಮುಹೂರ್ತದ ಹತ್ತು ನಿಮಿಷ ಬೇರೆಯೇ ಲೋಕ. ಕ್ರಮ ಮನೆತನಕ್ಕೆ ತಕ್ಕಂತೆ ಬದಲಾಗುತ್ತದೆ, ಆದರೂ ಹೆಚ್ಚುಕಮ್ಮಿ ಹೀಗೆ ನಡೆಯುತ್ತದೆ. ಅಂತರಪಟ ಹಿಡಿದಿರುತ್ತಾರೆ. ಮಂಗಳಾಷ್ಟಕ ಮುಗಿಯುತ್ತಾ ಬರುತ್ತದೆ. ಪುರೋಹಿತರು ಕೈ ಎತ್ತಿದ ಕೂಡಲೇ ಓಲಗದವರು ಗಟ್ಟಿಮೇಳ ಬಾರಿಸುತ್ತಾರೆ, ಪಟ ಸರಿಯುತ್ತದೆ. ಹುಡುಗ-ಹುಡುಗಿ ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಇಡುತ್ತಾರೆ. ಅದೇ ಗಳಿಗೆಯಲ್ಲಿ ಕೂತವರೆಲ್ಲ ಎದ್ದು ಮುಂದೆ ನುಗ್ಗುತ್ತಾರೆ. ಒಂದು ಕೈಯಲ್ಲಿ ಅಕ್ಷತೆ, ಇನ್ನೊಂದರಲ್ಲಿ ಮೊಬೈಲು. ನೀವು ಸ್ಟೇಜ್ ಕೆಳಗೆ ನಿಂತಿದ್ದರೆ ನಿಮಗೆ ಸಿಗುವುದು ದೊಡ್ಡಪ್ಪನ ಬೆನ್ನು.

ಹಾಗಾಗಿ ಗಟ್ಟಿಮೇಳಕ್ಕೆ ಕಾಲು ಗಂಟೆ ಮೊದಲೇ ಸ್ಟೇಜ್ ಮೇಲೆ ಇರಬೇಕು. ಪುರೋಹಿತರ ಎದುರು ಬದಿ, ಮಂಟಪದ ಕಂಬದ ಪಕ್ಕ, ಇಬ್ಬರ ಮುಖವೂ ಓರೆಯಾಗಿ ಕಾಣುವ ಜಾಗ. ಪುರೋಹಿತರ ಹತ್ತಿರ ಹಿಂದಿನ ಸಂಜೆಯೇ ಮಾತಾಡಿ. "ಭಟ್ಟರೇ, ತಾಳಿ ಕಟ್ಟುವಾಗ ನಾನು ಈ ಕಡೆ ನಿಂತರೆ ತೊಂದರೆ ಇಲ್ಲ ಅಲ್ವಾ? ಕಟ್ಟುವ ಮುಂಚೆ ತಾಳಿಯನ್ನು ಒಮ್ಮೆ ಎತ್ತಿ ತೋರಿಸಲು ಹುಡುಗನಿಗೆ ಹೇಳ್ತೀರಾ?" ಮೊದಲೇ ಕೇಳಿದರೆ ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ. ನಡುವೆ ಕೂಗಿ ನಿಲ್ಲಿಸಿದರೆ ಸಿಟ್ಟಾಗುತ್ತಾರೆ, ಸಿಟ್ಟಾಗುವುದು ನ್ಯಾಯವೇ. ಮುಹೂರ್ತ ನಿಮ್ಮ ಕ್ಯಾಮೆರಾಕ್ಕಾಗಿ ಕಾಯುವುದಿಲ್ಲ. ತಾಳಿಗೆ ಗಂಟು ಬೀಳುವುದು ಕತ್ತಿನ ಹಿಂದೆ, ಮನಸ್ಸಿನ ಭಾವನೆ ಕಾಣುವುದು ಮುಖದಲ್ಲಿ. ಎರಡೂ ಬೇಕೆಂದು ಓಡಾಡಿದರೆ ಎರಡೂ ತಪ್ಪುತ್ತವೆ. ಮುಖ ಆರಿಸಿಕೊಳ್ಳಿ.

ಈಗ ದಾರಿಗಳು. ಒಬ್ಬರೇ ಪೂರ್ತಿ ತೆಗೆಯುವುದು ಒಂದು. ಕ್ಯಾಮೆರಾ ಕೈಕೊಟ್ಟರೆ, ಕಾರ್ಡ್ ಕೆಟ್ಟರೆ, ನಿಮಗೇ ಜ್ವರ ಬಂದರೆ ಮದುವೆಗೆ ಫೋಟೊನೇ ಇಲ್ಲ. ಎಲ್ಲ ಸರಿಹೋದರೂ ಆಲ್ಬಂನಲ್ಲಿ ನೀವಿರುವುದಿಲ್ಲ. ಈ ದಾರಿ ಹಿಡಿಯಿರಿ ಎಂದು ನಾನು ನಿಮಗೆ ಹೇಳಲಾರೆ.

ಇನ್ನೊಂದು, ಆಗುವುದಿಲ್ಲ ಎಂದುಬಿಡುವುದು. ಎರಡು ತಿಂಗಳಿದೆ, ಹೇಳಿದರೆ ಯಾರಿಗೂ ಕಷ್ಟವಾಗದು. ಹಿಂದಿನ ವಾರ ಹೇಳಿದರೆ ಚಿಕ್ಕಮ್ಮನಿಗೆ ಆಕಾಶವೇ ಕಳಚಿಬೀಳುತ್ತದೆ.

ಗೆಳೆಯನಿಗೆ ಎರಡನೇ ಕ್ಯಾಮೆರಾ ಕೊಟ್ಟು ಇಬ್ಬರೂ ಸೇರಿ ತೆಗೆಯುವುದು ಮಧ್ಯದ ದಾರಿ. ಖರ್ಚು ಕಡಿಮೆ. ಆದರೆ ಇಬ್ಬರಿಗೂ ಹೊಸ ಕೆಲಸ, ಒಂದೇ ತರಹದ ತಪ್ಪನ್ನು ಇಬ್ಬರೂ ಮಾಡುತ್ತೀರಿ. ಗೆಳೆಯನಿಗೆ ನಿಮ್ಮ ನೆಂಟರಲ್ಲಿ ಸೋದರಮಾವ ಯಾರು, ದೊಡ್ಡಜ್ಜಿ ಯಾರು ಅಂತಲೂ ಗೊತ್ತಿರುವುದಿಲ್ಲ.

ನನ್ನ ಓಟು ಇದಕ್ಕೆ: ಮುಹೂರ್ತದ ಬೆಳಿಗ್ಗೆಗೆ ಮಾತ್ರ ಒಬ್ಬ ಸ್ಟುಡಿಯೊದವರನ್ನು ಗೊತ್ತುಮಾಡಿ. ಅರಸೀಕೆರೆ, ತಿಪಟೂರು, ಹಾಸನದಲ್ಲಿ ವಿಚಾರಿಸಿ. ಒಂದು ಹೊತ್ತಿಗೆ ಬರುವವರು ಸಿಗುತ್ತಾರೆ, ಲಗ್ನದ ದಿನಗಳಾದ್ದರಿಂದ ಈಗಲೇ ಕೇಳಬೇಕು. ಮಂಟಪದ ಶಾಸ್ತ್ರ, ಅರಳು, ಸ್ಟೇಜ್ ಮೇಲಿನ ಗ್ರೂಪ್ ಫೋಟೊ ಅವರಿಗೆ ಬಿಡಿ. ಚಪ್ಪರದ ದಿನ, ಅರಿಶಿನ, ಬಳೆ ಶಾಸ್ತ್ರ, ಆರತಕ್ಷತೆಯ ಸಂಜೆ ನಿಮ್ಮದು. ತಂಗಿ ಅಲಂಕಾರ ಮಾಡಿಕೊಳ್ಳುವ ಕೋಣೆ, ಮೂಲೆಯಲ್ಲಿ ಕೂತು ಹೂ ಕಟ್ಟುವ ಅಜ್ಜಿ, ಬೆಳಗಿನ ಜಾವ ಅಡಿಗೆ ಮನೆಯಲ್ಲಿ ಕಾಯಿ ತುರಿಯುವವರು, ಇವೂ ನಿಮ್ಮದೇ. ಹೊರಗಿನ ಫೋಟೊಗ್ರಾಫರ್ ಬಂದ ಕೂಡಲೇ ಅಜ್ಜಿ ಸೆರಗು ಸರಿಮಾಡಿ ನೆಟ್ಟಗೆ ಕೂರುತ್ತಾರೆ. ನಿಮ್ಮನ್ನು ನೋಡಿ "ಕಾಫಿ ಕುಡಿದ್ಯೇನೋ" ಅಂತಾರೆ. ಆ ಮುಖ ನನ್ನಂಥವನಿಗೆ ಸಿಗುವುದಿಲ್ಲ. ಈ ದಾರಿಯಲ್ಲೂ ಒಂದು ತೊಡಕಿದೆ. ಬಂದ ಫೋಟೊಗ್ರಾಫರ್‌ನ ಹಿಂದೆ ನಿಂತು ನೀವೂ ಕ್ಲಿಕ್ ಮಾಡುತ್ತಾ ಹೋದರೆ ಕೂತವರ ಕಣ್ಣು ಅರ್ಧ ಅಲ್ಲಿ, ಅರ್ಧ ಇಲ್ಲಿ. ಯಾರ ಹೊತ್ತು ಯಾವುದು ಎಂದು ಅವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ಗ್ರೂಪ್ ಫೋಟೊ ಬಗ್ಗೆ ಚಿಕ್ಕಮ್ಮನ ಜೊತೆ ಕೂತು ಒಂದು ಪಟ್ಟಿ ಬರೆಯಿರಿ. ಯಾರ ಫೋಟೊ ಇಲ್ಲದಿದ್ದರೆ ಜಗಳ ಆಗುತ್ತದೋ ಅವರ ಹೆಸರು ಮೇಲೆ. ಕರೆತರಲು ಎರಡೂ ಕಡೆಯವರನ್ನು ಬಲ್ಲ ಒಬ್ಬ ಹುಡುಗ ಬೇಕು. ಗಂಡ-ಹೆಂಡತಿ ಹಾರ ಹಾಕಿಕೊಂಡು ನಿಂತ, ಇಬ್ಬರ ಮುಖವೂ ಸ್ಪಷ್ಟವಾಗಿರುವ ಒಂದು ಚಿತ್ರ ಬೇರೆಯಾಗಿ ತೆಗೆದಿಡಿ. ಮದುವೆ ನೋಂದಣಿಗೆ ಹೋದಾಗ ಮದುವೆಯ ಫೋಟೊ ಕೇಳುತ್ತಾರೆ, ಆಗ ಎಲ್ಲರೂ ಹುಡುಕಾಡುವುದು ಇದನ್ನೇ. ಊಟದ ಪಂಕ್ತಿಯಲ್ಲಿ ಬಾಯಿಗೆ ತುತ್ತು ಹೋಗುವಾಗ ಮಾತ್ರ ದಯವಿಟ್ಟು ಕ್ಲಿಕ್ ಮಾಡಬೇಡಿ.

ನಿಮ್ಮ ಕ್ಯಾಮೆರಾಕ್ಕೆ ಒಂದೇ ಕಾರ್ಡ್ ಸ್ಲಾಟ್. ಒಂದು ದೊಡ್ಡ ಕಾರ್ಡಿನಲ್ಲಿ ಎಲ್ಲವನ್ನೂ ತುಂಬಬೇಡಿ. ಸಂಜೆಗೆ ಒಂದು, ಬೆಳಿಗ್ಗೆಗೆ ಬೇರೆ. ರಾತ್ರಿ ಮಲಗುವ ಮುಂಚೆ ಲ್ಯಾಪ್‌ಟಾಪಿಗೆ ಒಂದು ಪ್ರತಿ, ಹಾರ್ಡ್‌ಡಿಸ್ಕಿಗೆ ಒಂದು ಪ್ರತಿ. ಎರಡೂ ತೆರೆದು ನೋಡಿ ಖಚಿತವಾಗುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ಬೀಗ ಹಾಕುವ ಕೋಣೆಯಲ್ಲೇ ಬ್ಯಾಗ್ ಇಡಿ. ಛತ್ರದಲ್ಲಿ ನೆಂಟರಲ್ಲದವರೂ ನೆಂಟರಂತೆ ಓಡಾಡುತ್ತಿರುತ್ತಾರೆ.

ಕೊನೆಗೆ ದುಡ್ಡು. ನಾನಾದರೆ ತಗೊಳ್ಳುವುದಿಲ್ಲ. ದುಡ್ಡು ತಗೊಂಡ ಮೇಲೆ ಚಿಕ್ಕಮ್ಮ ಗಿರಾಕಿ, ನೀವು ಕೆಲಸದವರು. ಒಂದು ಫೋಟೊ ಕೆಟ್ಟರೂ ಅದು ಮನೆಯೊಳಗಿನ ಮಾತಾಗಿ ಉಳಿಯುವುದಿಲ್ಲ. ಕಾನೂನಿನಲ್ಲೂ ವ್ಯತ್ಯಾಸವಿದೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದವರೇ ಫೋಟೊದ ಹಕ್ಕಿನ ಮೊದಲ ಒಡೆಯರು. ದುಡ್ಡು ತಗೊಳ್ಳದಿದ್ದರೆ ಹಕ್ಕು ನಿಮ್ಮದೇ. ಹಾಗಂತ ತಂಗಿಯನ್ನು ಕೇಳದೆ ಅವಳ ಫೋಟೊ ಎಲ್ಲೂ ಹಾಕಬೇಡಿ. ಫೀಸಿನ ಬದಲು ಸ್ಟುಡಿಯೊದವರ ಖರ್ಚು, ಫ್ಲ್ಯಾಶ್ ಬಾಡಿಗೆ, ಆಲ್ಬಂ ಪ್ರಿಂಟು ಚಿಕ್ಕಮ್ಮ ನೋಡಿಕೊಳ್ಳಲಿ. ನಿಮ್ಮದು, ಸ್ಟುಡಿಯೊದವರದು ಎರಡನ್ನೂ ಸೇರಿಸಿ ಕೆಟ್ಟದ್ದನ್ನೆಲ್ಲ ತೆಗೆದು ಮುನ್ನೂರು ಚಿತ್ರ ತಂಗಿಗೆ ಕೊಡಿ, ಆಲ್ಬಂಗೆ ಬೇಕಾದ್ದನ್ನು ಅವಳೇ ಆರಿಸಲಿ. ಆರಿಸಿ ಹೇಳಲು ಒಂದು ತಾರೀಖು ಗೊತ್ತುಮಾಡಿ. ವರ್ಷ ಕಳೆದರೂ ಆಲ್ಬಂ ಬರಲಿಲ್ಲ ಎಂಬ ಗೊಣಗಾಟ ಎಷ್ಟೋ ಮನೆಗಳಲ್ಲಿ ಶುರುವಾಗುವುದು ಪ್ರೆಸ್ಸಿನಿಂದಲ್ಲ, ಈ ಆರಿಸುವ ಹಂತದಿಂದ.